ಸಿ.ಡಿ.ಗಳಲ್ಲಿರುವ ನಮ್ಮ ಚರಿತ್ರೆ ಮತ್ತು ಅದರ ರಕ್ಷಣೆ

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದ ಉಪನ್ಯಾಸ ಮಾಲಿಕೆಯೆಂದರೆ ಸಾಹಿತ್ಯ, ಸಂಗೀತ, ರಂಗಭೂಮಿ, ಗಡಿ ಮತ್ತು ನದಿಯ ಪ್ರಶ್ನೆಗಳು ಇವುಗಳ ಬಗ್ಗೆ ವಿದ್ವಾಂಸರು ಮಾತನಾಡುವ ವೇದಿಕೆ. ಇಂಥ ವೇದಿಕೆಯಲ್ಲಿ ಸಿ.ಡಿ., ಡಿ.ವಿ.ಡಿ.ಗಳನ್ನು ಕಾಪಾಡುವ ಬಗೆಯನ್ನು ಕುರಿತು ಮಾತನಾಡುತ್ತೇನೆಂದಾಗ, ಇದು ಅಂಗಡಿಯವನು ಗಿರಾಕಿಗೆ ಹೇಳಬೇಕಾದ ಮಾತಲ್ಲವೆ ಎಂದು ಕೆಲವು ಮಿತ್ರರು ನಗೆಯಾಡಿದರು. ನಾನು ಕೇಂದ್ರ ಸರಕಾರದ ಸೇವೆಯಲ್ಲಿ ಕಡತಗಳ ನಡುವೆಯೇ ಮೂರು ದಶಕಗಳನ್ನು ಕಳೆದವನು. ಯಾವ ಕಾಗದವನ್ನು ಎಷ್ಟು ಕಾಲ ಇಡಬೇಕು, ಯಾವುದನ್ನು ಎಂದಿಗೂ ಕಳೆಯಬಾರದು ಎಂಬುದು ನನ್ನ ವೃತ್ತಿಯ ನಿತ್ಯದ ಪ್ರಶ್ನೆ. ಅದೇ ಪ್ರಶ್ನೆಯನ್ನು ನಮ್ಮ ಸಂಘದ ಕಪಾಟಿನ ಮುಂದೆ ನಿಂತು ಕೇಳಿಕೊಂಡಾಗ ನನಗೆ ಹೊಳೆದದ್ದನ್ನು ಇಂದು ತಮ್ಮೆದುರು ನಿವೇದಿಸುತ್ತೇನೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳ ಚಟುವಟಿಕೆಯನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದಿದೆ. 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷಗಳ ಕಾಲ ನಮ್ಮ ಬಹುಪಾಲು ಕಾರ್ಯಕ್ರಮಗಳು ಸಿ.ಡಿ. ಅಥವಾ ಡಿ.ವಿ.ಡಿ.ಗಳಲ್ಲಿ ದಾಖಲಾದವು. ರಾಜ್ಯೋತ್ಸವದ ಭಾಷಣಗಳು, ಹವ್ಯಾಸಿ ತಂಡಗಳ ನಾಟಕಗಳು, ತಾಳಮದ್ದಳೆ, ಯಕ್ಷಗಾನ, ಕವಿಗೋಷ್ಠಿ, ದಾಸರ ಪದಗಳ ಸ್ಪರ್ಧೆ, ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ಸಂದರ್ಶನಗಳು ಎಲ್ಲವೂ ಆ ಹೊಳೆಯುವ ತಟ್ಟೆಗಳನ್ನು ಸೇರಿದವು. ಅದಕ್ಕೂ ಹಿಂದಿನ ಕ್ಯಾಸೆಟ್ಟುಗಳನ್ನು, ವಿಡಿಯೋ ಟೇಪುಗಳನ್ನು ಸಿ.ಡಿ.ಗೆ ವರ್ಗಾಯಿಸಿ, ಇನ್ನು ಚಿಂತೆಯಿಲ್ಲವೆಂದು ಮೂಲವನ್ನು ಗುಜರಿಗೆ ಹಾಕಿದ ಸಂಘಗಳೂ ಉಂಟು. ಟೇಪು ಬೂಷ್ಟು ಹಿಡಿಯುತ್ತದೆ, ಸಿ.ಡಿ. ಶಾಶ್ವತ ಎಂಬ ನಂಬಿಕೆ ಆಗ ಸಾರ್ವತ್ರಿಕವಾಗಿತ್ತು.

ಆ ನಂಬಿಕೆ ಸುಳ್ಳಾಗಿದೆ. ಟೇಪಿಗಿಂತಲೂ ಬೇಗನೆ, ಟೇಪಿಗಿಂತಲೂ ಸದ್ದಿಲ್ಲದೆ ಸಿ.ಡಿ.ಗಳು ಸಾಯುತ್ತಿವೆ. ಇದನ್ನು ಹೇಳುವುದೇ ನನ್ನ ಮೊದಲ ಉದ್ದೇಶ. ಇನ್ನು ಕೆಲವೇ ವರ್ಷಗಳಲ್ಲಿ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ, ಅದು ನಮ್ಮ ಕೈಲಾಗದ ಕೆಲಸವೇನಲ್ಲ ಎಂಬುದನ್ನು ಹೇಳುವುದು ಎರಡನೆಯ ಉದ್ದೇಶ.

ಈ ಮುದ್ರಿಕೆಗಳು ಹೋದರೆ ಹೋಗುವುದೇನು? ನಮ್ಮ ಸಂಘಗಳು ಪ್ರಕಟಿಸಿದ ಪುಸ್ತಕಗಳಿಗೆ ಒಂದು ರಕ್ಷಣೆಯಿದೆ. 1954ರ ಕೇಂದ್ರ ಕಾನೂನಿನಂತೆ ಪ್ರಕಾಶಕರು ತಮ್ಮ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ನಿಯುಕ್ತ ಗ್ರಂಥಾಲಯಗಳಿಗೂ ಕಳುಹಿಸಬೇಕು. ಕಳುಹಿಸಿದ ಪುಸ್ತಕ ಎಲ್ಲಿಯಾದರೂ ಒಂದು ಕಡೆ ಉಳಿದೀತು. ಸರಕಾರಿ ಕಡತಗಳಿಗೂ ರಕ್ಷಣೆಯಿದೆ. 1993ರ ಸಾರ್ವಜನಿಕ ದಾಖಲೆಗಳ ಕಾನೂನು ಕೇಂದ್ರ ಸರಕಾರದ ಇಲಾಖೆಗಳು ತಮ್ಮ ದಾಖಲೆಗಳನ್ನು ಮನಬಂದಂತೆ ನಾಶಪಡಿಸದಂತೆ ತಡೆಯುತ್ತದೆ. ಆದರೆ ಪರರಾಜ್ಯದ ಒಂದು ನಗರದಲ್ಲಿ, ಬಾಡಿಗೆಯ ಸಭಾಗೃಹದಲ್ಲಿ, ಕನ್ನಡಿಗರ ಸಂಘವೊಂದು ಆಡಿದ ನಾಟಕದ ಡಿ.ವಿ.ಡಿ. ಈ ಎರಡು ಕಾನೂನುಗಳ ವ್ಯಾಪ್ತಿಗೂ ಬಾರದು. ನಾವು ನೆಲೆಸಿರುವ ರಾಜ್ಯದ ಪಾಲಿಗೆ ಅದು ಅನ್ಯಭಾಷೆಯ ವಸ್ತು. ಕರ್ನಾಟಕದ ಪಾಲಿಗೆ ಅದು ಗಡಿಯಾಚೆಗಿನ ವಸ್ತು. ಇದನ್ನು ನಾನು ದೂರಿನ ರೂಪದಲ್ಲಿ ಹೇಳುತ್ತಿಲ್ಲ. ಹೊರನಾಡ ಕನ್ನಡಿಗನ ಧ್ವನಿಗೆ ಹೊರನಾಡ ಕನ್ನಡಿಗನೇ ವಾರಸುದಾರ ಎಂಬ ವಸ್ತುಸ್ಥಿತಿಯನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ, ಅದು ಇನ್ನೂ ಹತ್ತಿರದ್ದು. ನಮ್ಮ ಮೂರನೆಯ ಪೀಳಿಗೆಯ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಕಿವಿಯ ಭಾಷೆ. ಮನೆಯಲ್ಲಿ ಕೇಳಿ ಅರ್ಥಮಾಡಿಕೊಳ್ಳುತ್ತಾರೆ, ತಕ್ಕಮಟ್ಟಿಗೆ ಆಡುತ್ತಾರೆ, ಓದಲಾರರು. ಹೊರನಾಡಿನ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಈ ಸ್ಥಿತಿ ಸುಧಾರಿಸುವುದೆಂದು ನಂಬುವುದು ಕಷ್ಟ. ಅಜ್ಜ ಬರೆದ ಪುಸ್ತಕ ಗ್ರಂಥಾಲಯದಲ್ಲಿ ಭದ್ರವಾಗಿದ್ದರೂ ಅಂಥ ಮೊಮ್ಮಗಳಿಗೆ ಅದು ಮುಚ್ಚಿದ ಬಾಗಿಲು. ಅಜ್ಜ ವೇದಿಕೆಯ ಮೇಲೆ ಆಡಿದ ಮಾತು ಮಾತ್ರ ಅವಳಿಗೆ ತೆರೆದ ಬಾಗಿಲು. ಕರಾವಳಿಯ ಕನ್ನಡ, ಧಾರವಾಡದ ಕನ್ನಡ, ಹಳೆಯ ಮೈಸೂರಿನ ಕನ್ನಡ ಒಂದೇ ವೇದಿಕೆಯಲ್ಲಿ ಮರಾಠಿ, ಹಿಂದಿಗಳ ಸೋಂಕಿನೊಡನೆ ಬೆರೆತ ಆ ಮಾತಿನ ಧಾಟಿ ಯಾವ ಪುಸ್ತಕದಲ್ಲಿಯೂ ಇಲ್ಲ. ಓದಬಲ್ಲವರಿಗಾಗಿ ಇರುವುದು ಭದ್ರವಾಗಿದೆ. ಕೇಳಬಲ್ಲವರಿಗಾಗಿ ಇರುವುದು ಅತ್ಯಂತ ನಶ್ವರವಾದ ವಸ್ತುವಿನ ಮೇಲೆ ಕುಳಿತಿದೆ.

ಆ ವಸ್ತು ಎಂಥದೆಂದು ಈಗ ನೋಡೋಣ. ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ತಟ್ಟೆ ಅದು. ಅದರ ಮೇಲೆ ಬೆಳಕನ್ನು ಪ್ರತಿಫಲಿಸುವ ತೆಳ್ಳನೆಯ ಲೋಹದ ಪದರ, ಅದರ ಮೇಲೆ ವಾರ್ನಿಷಿನಂಥ ಲೇಪ, ಅದರ ಮೇಲೆ ಹೆಸರಿನ ಮುದ್ರಣ. ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಸುರುಳಿಯಲ್ಲಿ ಧ್ವನಿಯೆಲ್ಲವೂ ಅಂಕೆಗಳಾಗಿ ಅಡಗಿರುತ್ತದೆ. ಬಿಡಿಸಿ ಚಾಚಿದರೆ ಆ ಸುರುಳಿ 5 ಕಿಲೋಮೀಟರಿಗೂ ಉದ್ದ. ಎರಡು ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್, ಡಿ.ವಿ.ಡಿ.ಯಲ್ಲಿ ಅದು 0.74 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇಷ್ಟು ಸೂಕ್ಷ್ಮವಾದ ಬರಹವನ್ನು ಲೇಸರ್ ಕಿರಣ ಓದುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಭೇದವೊಂದಿದೆ. ಅಂಗಡಿಯಲ್ಲಿ ಕೊಂಡ ಭಾವಗೀತೆಯ ಸಿ.ಡಿ.ಯೂ ನಾವು ಕಂಪ್ಯೂಟರಿನಲ್ಲಿ ಬರೆಸಿದ ಸಿ.ಡಿ.ಯೂ ನೋಡಲು ಒಂದೇ, ಒಳಗೆ ಬೇರೆ ಬೇರೆ. ಕಾರ್ಖಾನೆಯ ಸಿ.ಡಿ.ಯಲ್ಲಿ ಅಚ್ಚೊತ್ತಿದ ಕುಳಿಗಳಿರುತ್ತವೆ. ಕಲ್ಲಿನ ಶಾಸನದಂತೆ ಅಕ್ಷರದ ಆಕಾರವೇ ವಸ್ತುವಿನಲ್ಲಿ ಕೊರೆದಿರುತ್ತದೆ. ನಾವು ಬರೆಸಿದ ಸಿ.ಡಿ.ಯಲ್ಲಿ ಕುಳಿಗಳಿಲ್ಲ, ಸಾವಯವ ಬಣ್ಣದ ಒಂದು ಪದರವಿದೆ. ಬರೆಯುವಾಗ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಸೀರೆಯ ಬಣ್ಣ ಬಿಸಿಲಿಗೆ ಹಾರುವಂತೆ ಈ ಬಣ್ಣವೂ ಬೆಳಕು, ಶಾಖ, ತೇವಗಳಿಗೆ ಹಾರುತ್ತದೆ. ಬಣ್ಣದಲ್ಲಿಯೂ ಜಾತಿಗಳಿವೆ. ಸಯನಿನ್ ಎಂಬುದು ಬೇಗ ಕೆಡುವಂಥದು, ಥಾಲೊಸಯನಿನ್ ಎಂಬುದು ಹೆಚ್ಚು ತಾಳುವಂಥದು. ಪ್ರತಿಫಲನದ ಪದರಕ್ಕೆ ಚಿನ್ನ ಬಳಸಿದ್ದರೆ ಅದು ತುಕ್ಕು ಹಿಡಿಯದು. ಅಗ್ಗದ ತಟ್ಟೆಗಳಲ್ಲಿರುವ ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ. ಪೂಜೆಯ ಬೆಳ್ಳಿ ದೀಪ ಕಪ್ಪಾಗುವುದನ್ನು ಕಂಡ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮತ್ತೆ ಮತ್ತೆ ಅಳಿಸಿ ಬರೆಯಬಹುದಾದ ಆರ್.ಡಬ್ಲ್ಯು. ಜಾತಿಯ ತಟ್ಟೆಗಳಂತೂ ದೀರ್ಘಕಾಲದ ಸಂಗ್ರಹಕ್ಕೆ ಹೇಳಿ ಮಾಡಿಸಿದವೇ ಅಲ್ಲ.

ಕಾರ್ಖಾನೆಯ ಸಿ.ಡಿ.ಗೂ ಅಪಾಯವಿಲ್ಲದಿಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಪಟ್ಟಣದ ಕಾರ್ಖಾನೆಯೊಂದರಲ್ಲಿ 1988ರಿಂದ 1993ರವರೆಗೆ ತಯಾರಾದ ಅನೇಕ ಸಿ.ಡಿ.ಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ನಿರುಪಯುಕ್ತವಾದವು. ಮೇಲಿನ ಲೇಪ ಗಂಧಕವನ್ನು ತಡೆಯುವಂಥದಾಗಿರಲಿಲ್ಲ, ಸಿ.ಡಿ.ಯನ್ನು ಇಟ್ಟಿದ್ದ ರಟ್ಟಿನ ಹೊದಿಕೆಯಲ್ಲಿಯೇ ಗಂಧಕವಿತ್ತು. ಕಾಪಾಡಲೆಂದು ತೊಡಿಸಿದ ಅಂಗಿಯೇ ಅದನ್ನು ತಿಂದಿತು.

ಸಿ.ಡಿ.ಯ ಸಾವು ಸದ್ದಿಲ್ಲದ್ದು ಎಂದೆ. ಹಳೆಯ ಗ್ರಾಮಫೋನ್ ತಟ್ಟೆಗೆ ಗೀರು ಬಿದ್ದರೆ ಟಕ್ ಟಕ್ ಎಂಬ ಸದ್ದಿನೊಡನೆ ಹಾಡು ಮುಂದುವರಿಯುತ್ತಿತ್ತು. ಕ್ಯಾಸೆಟ್ಟು ಹಳತಾದರೆ ಗೊರಗೊರ ಎನ್ನುತ್ತಿತ್ತು. ಅವು ಮುಪ್ಪನ್ನು ತಾವೇ ಸಾರುತ್ತಿದ್ದವು. ಸಿ.ಡಿ.ಯಲ್ಲಿ ತಪ್ಪು ತಿದ್ದುವ ಗಣಿತದ ವ್ಯವಸ್ಥೆಯೊಂದನ್ನು ಹುದುಗಿಸಿದ್ದಾರೆ. ಓದುವಾಗ ಅಲ್ಲಲ್ಲಿ ಅಂಕೆಗಳು ಕಾಣದಿದ್ದರೂ ಉಳಿದ ಅಂಕೆಗಳಿಂದ ಯಂತ್ರ ಅವುಗಳನ್ನು ಲೆಕ್ಕಹಾಕಿ ತುಂಬಿಕೊಳ್ಳುತ್ತದೆ. ಇದು ವರವೂ ಹೌದು, ಮರೆಮಾಚುವ ಪರದೆಯೂ ಹೌದು. ಒಳಗೆ ತಪ್ಪುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೂ ಕೇಳುವವರಿಗೆ ಹಾಡು ಸ್ಪಷ್ಟವಾಗಿಯೇ ಕೇಳುತ್ತದೆ. ತಿದ್ದುವ ಶಕ್ತಿ ಮೀರಿದ ದಿನ ತಟ್ಟೆ ಒಮ್ಮೆಗೇ ಮೂಕವಾಗುತ್ತದೆ. ಆದ್ದರಿಂದ “ಕಳೆದ ದೀಪಾವಳಿಯಲ್ಲಿ ಚೆನ್ನಾಗಿ ನಡೆಯುತ್ತಿತ್ತು” ಎಂಬ ಭರವಸೆಗೆ ಬೆಲೆಯಿಲ್ಲ.

ಹಾಗಾದರೆ ಅದರ ಆಯುಷ್ಯವೆಷ್ಟು? ತಯಾರಕರು ನೂರು ವರ್ಷವೆಂದು ಸಾರಿದ್ದುಂಟು. ಕಲ್ಲಿನಂಥ ನಿರವಯವ ಪದರವುಳ್ಳ ಎಂ-ಡಿಸ್ಕ್ ಎಂಬುದಕ್ಕೆ ಸಾವಿರ ವರ್ಷವೆಂದು ಸಾರಿದ್ದೂ ಉಂಟು. ಇವೆಲ್ಲ ಪ್ರಯೋಗಾಲಯದಲ್ಲಿ ಹೆಚ್ಚಿನ ಶಾಖ, ತೇವಗಳಲ್ಲಿಟ್ಟು ಕೆಲವು ವಾರಗಳಲ್ಲಿ ನೋಡಿದ್ದನ್ನು ಮುಂದಕ್ಕೆ ಲೆಕ್ಕಹಾಕಿ ಹೇಳಿದ ಮಾತುಗಳು. ನೂರು ವರ್ಷ ಇಟ್ಟು ನೋಡಿದವರು ಯಾರೂ ಇಲ್ಲ, ಏಕೆಂದರೆ ಸಿ.ಡಿ.ಗೇ ಇನ್ನೂ ನೂರು ವರ್ಷವಾಗಿಲ್ಲ. ಯುನೆಸ್ಕೋ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಾವು ಬರೆಸುವ ಸಿ.ಡಿ., ಡಿ.ವಿ.ಡಿ.ಗಳನ್ನು ಶಾಶ್ವತ ಸಂಗ್ರಹಕ್ಕೆ ನಂಬಲರ್ಹ ಮಾಧ್ಯಮವೆಂದು ಭಾವಿಸಬಾರದೆಂದು ಜಗತ್ತಿನ ದಾಖಲೆ ಸಂಗ್ರಹಾಲಯಗಳನ್ನು ಎಚ್ಚರಿಸಿತು. ಒಂದೇ ಕಂಪನಿಯ ಎರಡು ಪೆಟ್ಟಿಗೆಗಳಲ್ಲಿ ಕೂಡ ಗುಣ ಒಂದೇ ಸಮನಾಗಿರುವುದಿಲ್ಲ. ಬರೆದ ಯಂತ್ರಕ್ಕೂ ತಟ್ಟೆಗೂ ಹೊಂದಾಣಿಕೆಯಾಗದಿದ್ದರೆ ಬರೆದ ದಿನವೇ ಅದು ದುರ್ಬಲವಾಗಿರುತ್ತದೆ.

ಮುಂದೆ ಹೇಳುವ ಕೆಲಸ ಮುಗಿಯುವವರೆಗೆ ಇರುವ ತಟ್ಟೆಗಳನ್ನು ಉಳಿಸಿಕೊಳ್ಳಬೇಕಷ್ಟೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2003ರಲ್ಲಿ ಗ್ರಂಥಪಾಲಕರಿಗಾಗಿ ಹೊರತಂದ ಕೈಪಿಡಿಯು ದೀರ್ಘಕಾಲದ ಸಂಗ್ರಹಕ್ಕೆ 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 20ರಿಂದ 50ರಷ್ಟು ತೇವಾಂಶ ಇರಬೇಕೆನ್ನುತ್ತದೆ. ಮುಂಬಯಿಯ ಆಷಾಢದಲ್ಲಿ, ದೆಹಲಿಯ ಜ್ಯೇಷ್ಠದಲ್ಲಿ, ಚೆನ್ನೈಯ ಯಾವ ಮಾಸದಲ್ಲಿಯೂ ಇದು ನಮ್ಮಂಥವರಿಗೆ ಸಾಧ್ಯವಾಗುವ ಮಾತಲ್ಲ. ಆದರೆ ಆ ಮಾತಿನ ಹಿಂದಿರುವ ತತ್ವ ಸಾಧ್ಯ: ತಂಪು, ಒಣಗು, ಕತ್ತಲೆ, ಸ್ಥಿರತೆ.

ಇವುಗಳಲ್ಲಿ ಸ್ಥಿರತೆಯನ್ನು ನಾವು ಮರೆಯುತ್ತೇವೆ. ಭಾನುವಾರದ ಸಭೆಗೆ ಮಾತ್ರ ಎ.ಸಿ. ಹಾಕಿ ಉಳಿದ ಆರು ದಿನ ಮುಚ್ಚಿಡುವ ಕೋಣೆಗಿಂತ, ಎ.ಸಿ.ಯೇ ಇಲ್ಲದ ಆದರೆ ಸದಾ ಒಂದೇ ಹದದಲ್ಲಿರುವ ಒಳಕೋಣೆ ಲೇಸು. ಪ್ಲಾಸ್ಟಿಕ್ಕು, ಲೋಹ, ಬಣ್ಣ, ಲೇಪ ಇವು ಹಿಗ್ಗುವ ಕುಗ್ಗುವ ಪ್ರಮಾಣ ಬೇರೆ ಬೇರೆ. ಪದೇ ಪದೇ ಹಿಗ್ಗಿ ಕುಗ್ಗಿದಾಗ ಪದರಗಳು ಒಂದನ್ನೊಂದು ಬಿಡುತ್ತವೆ. ತಾರಸಿಯ ಕೆಳಗಿನ ಕೋಣೆ, ನೀರಿನ ಕೊಳವೆ ಹಾದ ಗೋಡೆ, ಪಶ್ಚಿಮದ ಬಿಸಿಲಿನ ಕಿಟಕಿ ಇವುಗಳಿಂದ ಕಪಾಟನ್ನು ದೂರವಿಡಬೇಕು. ನೆಲಮಾಳಿಗೆ, ನೆಲಮಹಡಿಗಳಲ್ಲಿ ಇಡಲೇಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಂಬಯಿಯ ನೆಲಮಹಡಿಗಳ ಗತಿಯೇನಾಯಿತೆಂಬುದನ್ನು, 2015ರ ಡಿಸೆಂಬರಿನಲ್ಲಿ ಚೆನ್ನೈಯ ಗತಿಯೇನಾಯಿತೆಂಬುದನ್ನು ಇಲ್ಲಿರುವವರು ಮರೆತಿಲ್ಲ.

ತಟ್ಟೆಯನ್ನು ಒಂದೊಂದಕ್ಕೂ ಪ್ರತ್ಯೇಕವಾದ ಗಟ್ಟಿ ಡಬ್ಬಿಯಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು. ಆ ಡಬ್ಬಿ ತಟ್ಟೆಯನ್ನು ನಡುವಿನ ರಂಧ್ರದಲ್ಲಿ ಮಾತ್ರ ಹಿಡಿದಿರುತ್ತದೆ, ಮೈಯನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಚೀಲಗಳಲ್ಲಿ ತುರುಕಿ ರಬ್ಬರ್ ಬ್ಯಾಂಡ್ ಹಾಕಿಟ್ಟ ತಟ್ಟೆಗಳು ಬಾಗುತ್ತವೆ, ಒಂದಕ್ಕೊಂದು ಅಂಟುತ್ತವೆ. ಡಬ್ಬಿಯಿಂದ ತೆಗೆಯುವಾಗ ನಡುವಿನ ಗುಬುಟನ್ನು ಒತ್ತಿ ತೆಗೆಯಬೇಕೇ ಹೊರತು ತಟ್ಟೆಯನ್ನು ಬಿಲ್ಲಿನಂತೆ ಬಾಗಿಸಬಾರದು. ಹಿಡಿಯುವುದು ಅಂಚಿನಲ್ಲಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಮಳೆಗಾಲದಲ್ಲಿ ಆಗಾಗ ಬದಲಿಸಬೇಕು. ಪುಸ್ತಕಗಳಿಗೆ ಹಾಕುವಂತೆ ನುಸಿಗುಳಿಗೆಗಳನ್ನು ಇಲ್ಲಿ ಹಾಕಬಾರದು. ಅವುಗಳ ಆವಿ ಪ್ಲಾಸ್ಟಿಕ್ಕಿಗೆ ಹಿತವಲ್ಲ.

ಸಿ.ಡಿ.ಯ ವಿಷಯದಲ್ಲಿ ಎಲ್ಲರೂ ತಿಳಿದಿರುವುದು ತಲೆಕೆಳಗಾಗಿದೆ. ಹೊಳೆಯುವ ಬದಿಗೆ ಗೀರು ಬೀಳಬಾರದೆಂದು ಅದನ್ನು ಮೇಲ್ಮುಖವಾಗಿ ಮೇಜಿನ ಮೇಲೆ ಇಡುತ್ತೇವೆ. ಆದರೆ ಧ್ವನಿಯಿರುವ ಪದರ ಹೆಸರು ಬರೆದ ಬದಿಗೇ ಹತ್ತಿರ. ಅದಕ್ಕಿರುವ ಕಾವಲು ಆ ತೆಳುಲೇಪವೊಂದೇ. ಹೊಳೆಯುವ ಬದಿಯ ಸಣ್ಣ ಗೀರನ್ನು ಯಂತ್ರ ದಾಟಿಕೊಂಡೀತು, ಹೆಸರಿನ ಬದಿಯ ಗೀರು ಪದರವನ್ನೇ ಕಿತ್ತುಹಾಕುತ್ತದೆ. ಬಾಲ್ ಪೆನ್ನಿನಿಂದ ಅದರ ಮೇಲೆ ಬರೆಯುವುದು ಉಳಿಯಿಂದ ಕೆತ್ತಿದಂತೆ. ಅಂಟಿನ ಚೀಟಿ ಹಚ್ಚುವುದೂ ಬೇಡ. ಅಂಟು ಕಾಲಾಂತರದಲ್ಲಿ ಲೇಪವನ್ನು ತಿನ್ನುತ್ತದೆ, ಚೀಟಿ ಒಂದು ಬದಿಗೆ ಎದ್ದರೆ ತಿರುಗುವ ತಟ್ಟೆ ತೂಕ ತಪ್ಪಿ ಅಲುಗುತ್ತದೆ. ಆದರೆ ಈಗಾಗಲೇ ಹಚ್ಚಿರುವ ಚೀಟಿಯನ್ನು ಕೀಳಲು ಹೋಗಬೇಡಿ, ಅದರೊಡನೆ ಪದರವೂ ಬಂದೀತು. ಬರೆಯಲೇಬೇಕೆಂದರೆ ನಡುವಿನ ಪಾರದರ್ಶಕ ಉಂಗುರದ ಮೇಲೆ, ನೀರಿನ ಶಾಯಿಯ ಮೆತ್ತನೆಯ ಪೆನ್ನಿನಿಂದ ಒಂದು ಕ್ರಮಸಂಖ್ಯೆ ಬರೆದು, ವಿವರವನ್ನೆಲ್ಲ ವಹಿಯಲ್ಲಿ ಬರೆದರಾಯಿತು. ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ವೃತ್ತಾಕಾರವಾಗಿ ಒರೆಸಿದರೆ ಬಿದ್ದ ಗೀರು ಸುರುಳಿಯ ಗುಂಟ ಸಾಗಿ ಒಂದು ಇಡೀ ವಾಕ್ಯವನ್ನು ನುಂಗುತ್ತದೆ. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕುವ ಮನೆಮದ್ದನ್ನು ಯಾರೂ ಪ್ರಯೋಗಿಸಬಾರದೆಂದು ವಿನಂತಿ.

ಬಂಧುಗಳೆ, ಇಷ್ಟೆಲ್ಲ ಮಾಡಿದರೂ ಸಾಲದು. ತಟ್ಟೆ ಉಳಿದರೂ ಅದನ್ನು ಓದುವ ಯಂತ್ರ ಉಳಿಯಬೇಕಲ್ಲ? ಇಂಗ್ಲೆಂಡಿನಲ್ಲಿ 1086ರಲ್ಲಿ ರಾಜನ ಅಪ್ಪಣೆಯಂತೆ ಡೂಮ್ಸ್‌ಡೇ ಪುಸ್ತಕವೆಂಬ ಭೂಕಂದಾಯದ ದಾಖಲೆ ಸಿದ್ಧವಾಯಿತು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಶಾಲಾ ಮಕ್ಕಳೂ ಸೇರಿದಂತೆ ಹತ್ತು ಲಕ್ಷಕ್ಕೂ ಮಿಕ್ಕ ಜನರ ನೆರವಿನಿಂದ ದೇಶದ ಹೊಸ ಚಿತ್ರಣವೊಂದನ್ನು ಲೇಸರ್ ತಟ್ಟೆಗಳಲ್ಲಿ ದಾಖಲಿಸಿತು. ಹದಿನೈದೇ ವರ್ಷಗಳಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳು ದುರ್ಲಭವಾದವು. 2002ರ ಸುಮಾರಿಗೆ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ತಜ್ಞರು ಬಹುಶ್ರಮದಿಂದ ಅದನ್ನು ಹೊಸ ಕಂಪ್ಯೂಟರುಗಳಲ್ಲಿ ಕಾಣುವಂತೆ ಮಾಡಬೇಕಾಯಿತು. ಒಂಬತ್ತು ಶತಮಾನಗಳ ಹಿಂದಿನ ತೊಗಲಿನ ಪುಸ್ತಕವನ್ನು ಮಾತ್ರ ಲ್ಯಾಟಿನ್ ಬಲ್ಲವರು ಇಂದಿಗೂ ಬರಿಗಣ್ಣಿನಿಂದ ಓದುತ್ತಾರೆ.

ನಮ್ಮಲ್ಲಿಯೂ ಇದೇ ಹಂತ ಬಂದಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಕಿಂಡಿಯೇ ಇಲ್ಲ. ಜಗತ್ತಿನ ಅತಿದೊಡ್ಡ ತಟ್ಟೆ ತಯಾರಕರಲ್ಲಿ ಒಂದಾಗಿದ್ದ ನಮ್ಮ ದೇಶದ ಮೋಸರ್ ಬೇರ್ ಕಂಪನಿಯ ಆಸ್ತಿ ವಿಲೇವಾರಿಗೆ 2018ರಲ್ಲಿ ಆಜ್ಞೆಯಾಯಿತು. ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಪ್ಯಾನಸಾನಿಕ್ 2023ರಲ್ಲಿ, ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದವು. ಇಂದು ಪೇಟೆಯಲ್ಲಿ ಹೊರಗಿನಿಂದ ಜೋಡಿಸುವ ಡಿ.ವಿ.ಡಿ. ಡ್ರೈವ್ ಅಗ್ಗವಾಗಿ ಸಿಗುತ್ತದೆ. ಈ ಅನುಕೂಲ ಬಹುಕಾಲ ಇರದು. ಸಂಘವು ಎರಡು ಮೂರು ಡ್ರೈವುಗಳನ್ನು, ಬೇರೆ ಬೇರೆ ಕಂಪನಿಗಳದ್ದಾಗಿ, ಈಗಲೇ ಕೊಂಡಿಡುವುದು ವಿವೇಕ. ಒಂದು ಡ್ರೈವ್ ಓದಲಾರದ ತಟ್ಟೆಯನ್ನು ಇನ್ನೊಂದು ಓದುವುದುಂಟು.

ನಮ್ಮ ಪೂರ್ವಿಕರು ಈ ಸಮಸ್ಯೆಯನ್ನು ಅರಿಯದವರಲ್ಲ. ಓಲೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಟ್ಟರು. ಅದು ರಕ್ಷಣೆ. ಆದರೆ ಗರಿ ಎಷ್ಟೇ ಆದರೂ ಶಿಥಿಲವಾಗುತ್ತದೆ ಎಂದು ಬಲ್ಲವರಾದ್ದರಿಂದ ಪ್ರತಿ ಮಾಡಿದರು. ಅದು ಉಳಿವು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿದ್ದ ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ಪೂಜೆಗೊಂಡವು, ಓದುವವರು ವಿರಳವಾದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಲಿಪಿ ಬಲ್ಲವರು ಕುಳಿತು ಪ್ರತಿ ಮಾಡಲಾರಂಭಿಸಿದ್ದರಿಂದಲೇ 1939ರಿಂದ ಅವು ಅಚ್ಚಿನಲ್ಲಿ ಬೆಳಕು ಕಾಣುವಂತಾಯಿತು. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಅವಳು ಒಂದು ಓಲೆಯನ್ನು ಬಂಗಾರದ ಪೆಟ್ಟಿಗೆಯಲ್ಲಿ ಇಡಿಸಬಹುದಿತ್ತು. ಸಾವಿರ ಕಡೆ ಹರಡಿದಳು. ಇಂದಿನ ದಾಖಲಾತಿ ಶಾಸ್ತ್ರ ಹೇಳುವುದೂ ಇಷ್ಟೇ: ವಸ್ತುವನ್ನು ನೆಚ್ಚಬೇಡ, ಪ್ರತಿಯನ್ನು ನೆಚ್ಚು; ಪ್ರತಿಗಳನ್ನು ಒಂದೇ ಮನೆಯಲ್ಲಿಡಬೇಡ.

ಈಗ ಕಾರ್ಯಕ್ರಮಕ್ಕೆ ಬರುತ್ತೇನೆ. ಮೊದಲ ಕೆಲಸ ಪಟ್ಟಿ. ಪ್ರತಿ ತಟ್ಟೆಗೂ ಒಂದು ಕ್ರಮಸಂಖ್ಯೆ. ವಹಿಯಲ್ಲಿ ಅದರ ಎದುರಿಗೆ ಏನು, ಎಲ್ಲಿ, ಎಂದು, ಯಾರು ಮಾತನಾಡಿದರು, ಯಾರು ಹಾಡಿದರು ಎಂಬ ವಿವರ. ಇದು ಕಂಪ್ಯೂಟರ್ ಬಲ್ಲ ಹುಡುಗರಿಂದ ಆಗುವ ಕೆಲಸವಲ್ಲ, ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಂದ ಆಗಬೇಕಾದದ್ದು. “ಕಾರ್ಯಕ್ರಮ 2” ಎಂದಷ್ಟೇ ಬರೆದಿರುವ ತಟ್ಟೆಯನ್ನು ಹಾಕಿ, ಈ ಧ್ವನಿ ಇಂಥವರದು, ಆ ನಾಟಕದಲ್ಲಿ ಮುದುಕನ ಪಾತ್ರ ಇಂಥವರದು ಎಂದು ಗುರುತಿಸಬಲ್ಲವರು ತಾವು. ಹೆಸರಿಲ್ಲದ ಧ್ವನಿ ಉಳಿದರೂ ಅನಾಥವೇ. ತಟ್ಟೆಗಿಂತ ಮೊದಲು ನೆನಪು ಮಾಸಬಹುದು ಎಂಬ ಕಹಿ ಸತ್ಯವನ್ನು ವಿನಯದಿಂದಲೇ ಹೇಳುತ್ತಿದ್ದೇನೆ.

ಎರಡನೆಯದು ವಿಂಗಡಣೆ. ಕೇಂದ್ರ ಸರಕಾರದ ಕಚೇರಿಗಳಲ್ಲಿ ಕಡತಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡುತ್ತೇವೆ. ಎ ಎಂದರೆ ಶಾಶ್ವತವಾಗಿ ಇಟ್ಟು, ಪ್ರತಿಯನ್ನೂ ಮಾಡಿಡಬೇಕಾದದ್ದು. ಬಿ ಎಂದರೆ ಇಡಬೇಕಾದದ್ದು, ಆದರೆ ಪ್ರತಿ ಬೇಡದ್ದು. ಸಿ ಎಂದರೆ ನಿಗದಿತ ಅವಧಿಗೆ ಮಾತ್ರ ಇಡಬೇಕಾದದ್ದು. ನಮಗೂ ಇದೇ ಕ್ರಮ ಒಗ್ಗುತ್ತದೆ. ಬೇರೆಲ್ಲಿಯೂ ದೊರೆಯದ ನಮ್ಮ ಸಂಘದ ದಾಖಲೆ ಎ ವರ್ಗಕ್ಕೆ. ಪೇಟೆಯಲ್ಲಿ ಕೊಂಡ ಚಲನಚಿತ್ರದ, ಗೀತೆಗಳ ತಟ್ಟೆಗಳು ಸಿ ವರ್ಗಕ್ಕೆ. ಎಲ್ಲವನ್ನೂ ಉಳಿಸಲು ಹೊರಟವನು ಯಾವುದನ್ನೂ ಉಳಿಸಲಾರ. ಎ ವರ್ಗದೊಳಗೂ ನಾವೇ ಬರೆಸಿದ, ಅದರಲ್ಲಿಯೂ ಹೆಸರಿಲ್ಲದ ಕಂಪನಿಯ ಅಗ್ಗದ ತಟ್ಟೆಗಳು ಮೊದಲ ಸರದಿ ಪಡೆಯಬೇಕು.

ಮೂರನೆಯದು ವರ್ಗಾವಣೆ. ತಟ್ಟೆಯಲ್ಲಿರುವುದನ್ನು ಇದ್ದಂತೆಯೇ, ಕುಗ್ಗಿಸದೆ, ಹಾರ್ಡ್ ಡಿಸ್ಕಿಗೆ ಇಳಿಸಬೇಕು. ಧ್ವನಿಯ ಸಿ.ಡಿ.ಯಾದರೆ ವೇವ್ ರೂಪದಲ್ಲಿ, ಡಿ.ವಿ.ಡಿ.ಯಾದರೆ ಇಡೀ ತಟ್ಟೆಯ ಪ್ರತಿರೂಪವಾದ ಐ.ಎಸ್.ಒ. ರೂಪದಲ್ಲಿ. ಎಂ.ಪಿ.3 ಹಂಚಲು ಅನುಕೂಲ, ಆದರೆ ಅದು ಮೂಲದ ಸಾರವನ್ನಷ್ಟೇ ಉಳಿಸಿಕೊಂಡ ಸಂಕ್ಷೇಪ. ಹಟ ಹಿಡಿಯುವ ತಟ್ಟೆಗಳಿಗಾಗಿ ಡಿ.ಡಿ.ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಸುಲಭವಾಗಿ ಓದಬಲ್ಲದ್ದನ್ನು ಮೊದಲು ಓದಿ, ಕಷ್ಟದ ಭಾಗಗಳಿಗೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಮನೆಯ ಡಿ.ವಿ.ಡಿ. ರೆಕಾರ್ಡರಿನಲ್ಲಿ ಮುದ್ರಿಸಿ ಕೊನೆಯಲ್ಲಿ ಮುಕ್ತಾಯಗೊಳಿಸದೆ ಬಿಟ್ಟ ತಟ್ಟೆಗಳು ಬೇರೆ ಯಂತ್ರಗಳಿಗೆ ಖಾಲಿಯಂತೆ ಕಾಣುತ್ತವೆ. ಅವನ್ನು ಖಾಲಿಯೆಂದು ಎಸೆಯದೆ, ಅದೇ ಬಗೆಯ ರೆಕಾರ್ಡರನ್ನು ಹುಡುಕಿ ನೋಡಬೇಕು. ಇಳಿಸಿದ ಪ್ರತಿ ಕಡತಕ್ಕೂ ಕಂಪ್ಯೂಟರ್ ಒಂದು ಉದ್ದದ ಸಂಖ್ಯೆಯನ್ನು ಲೆಕ್ಕಹಾಕಿ ಕೊಡಬಲ್ಲದು. ಅದು ಆ ಕಡತದ ಹೆಬ್ಬೆಟ್ಟಿನ ಗುರುತಿದ್ದಂತೆ. ವರ್ಷಕ್ಕೊಮ್ಮೆ ಮತ್ತೆ ಲೆಕ್ಕಹಾಕಿದಾಗ ಅದೇ ಗುರುತು ಬಂದರೆ ಒಂದಕ್ಷರವೂ ಕೆಟ್ಟಿಲ್ಲವೆಂದು ಅರ್ಥ.

ನಾಲ್ಕನೆಯದು ಪ್ರತಿಗಳು. ಕನಿಷ್ಠ ಮೂರು ಪ್ರತಿ. ಎರಡು ಬಗೆಯ ಮಾಧ್ಯಮ. ಒಂದು ಪ್ರತಿ ಬೇರೆ ಊರಿನಲ್ಲಿ. ಎರಡು ಹಾರ್ಡ್ ಡಿಸ್ಕು, ಅಂತರಜಾಲದ ಬಾಡಿಗೆಯ ಉಗ್ರಾಣದಲ್ಲಿ ಇನ್ನೊಂದು ಪ್ರತಿ ಎಂದಿಟ್ಟುಕೊಳ್ಳಿ. ಹಾರ್ಡ್ ಡಿಸ್ಕೂ ಅಮರವಲ್ಲ. ವರ್ಷಕ್ಕೆರಡು ಬಾರಿಯಾದರೂ ಓಡಿಸಿ ನೋಡಿ, ಸುಮಾರು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಪೆನ್ ಡ್ರೈವನ್ನು ಸಾಗಣೆಗೆ ಬಳಸಿ, ಸಂಗ್ರಹಕ್ಕೆ ಬಳಸಬೇಡಿ. ವರ್ಗಾವಣೆಯಾದ ಮೇಲೂ ಮೂಲ ತಟ್ಟೆಗಳನ್ನು, ಉಳಿದಿದ್ದರೆ ಅದಕ್ಕೂ ಮೂಲವಾದ ಕ್ಯಾಸೆಟ್ಟುಗಳನ್ನು, ಎಸೆಯಬೇಡಿ. ಯೂಟ್ಯೂಬಿಗೆ ಏರಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಪ್ರಚಾರಕ್ಕೆ ಅದು ಒಳ್ಳೆಯದು. ಆದರೆ ಅಲ್ಲಿ ಚಿತ್ರ, ಧ್ವನಿಗಳು ಕುಗ್ಗುತ್ತವೆ. ಖಾತೆ ತೆರೆದ ಪದಾಧಿಕಾರಿ ಊರು ಬಿಟ್ಟರೆ ಅದರ ಕೀಲಿಕೈಯೂ ಹೋಗುತ್ತದೆ. ಕಲಾವಿದರ ಒಪ್ಪಿಗೆಯ ಪ್ರಶ್ನೆಯೂ ಇದೆ. ಕಾಪಿಡುವುದು ಬೇರೆ, ಪ್ರಕಟಿಸುವುದು ಬೇರೆ.

ಬೇರೆ ಊರಿನ ಪ್ರತಿ ಎಂದೆನಲ್ಲ, ಅಲ್ಲಿಯೇ ನನ್ನ ಮುಖ್ಯ ಸೂಚನೆಯಿದೆ. ಮುಂಬಯಿಯ ಸಂಗ್ರಹದ ಒಂದು ಪ್ರತಿ ದೆಹಲಿಯ ಸಂಘದಲ್ಲಿರಲಿ, ದೆಹಲಿಯದು ಚೆನ್ನೈಯಲ್ಲಿ, ಚೆನ್ನೈಯದು ಹೈದರಾಬಾದಿನಲ್ಲಿ, ಹೈದರಾಬಾದಿನದು ಪುಣೆಯಲ್ಲಿ, ಪುಣೆಯದು ಮುಂಬಯಿಯಲ್ಲಿ ಇರಲಿ. ಒಂದು ಊರಿಗೆ ಪ್ರವಾಹ ಬಂದರೆ, ಒಂದು ಸಂಘದಲ್ಲಿ ಜಗಳವಾಗಿ ಬೀಗ ಬಿದ್ದರೆ — ಇದನ್ನೂ ಮನಬಿಚ್ಚಿ ಹೇಳಬೇಕು, ಏಕೆಂದರೆ ಪ್ರವಾಹಕ್ಕಿಂತ ಇದೇ ಹೆಚ್ಚು ಸಂಭವನೀಯ — ಇನ್ನೊಂದು ಊರಿನಲ್ಲಿ ಅದು ಉಳಿದಿರುತ್ತದೆ. ಹೊರನಾಡ ಸಂಘಗಳು ಒಂದಾಗಬೇಕೆಂದು ಸಮ್ಮೇಳನಗಳಲ್ಲಿ ಬಹಳ ಕಾಲದಿಂದ ನಿರ್ಣಯ ಮಂಡಿಸುತ್ತ ಬಂದಿದ್ದೇವೆ. ಒಬ್ಬರ ನೆನಪನ್ನು ಇನ್ನೊಬ್ಬರು ಕಾಯುವುದಕ್ಕಿಂತ ಗಟ್ಟಿಯಾದ ಒಗ್ಗಟ್ಟು ಯಾವುದಿದೆ?

ಇದಕ್ಕೆ ತಗಲುವ ಹಣ ಒಂದು ರಾಜ್ಯೋತ್ಸವದ ಊಟದ ಖರ್ಚನ್ನು ಮೀರದೆಂದು ನನ್ನ ಅಂದಾಜು. ಬೇಕಾಗಿರುವುದು ಹಣಕ್ಕಿಂತ ಹೆಚ್ಚಾಗಿ ಸಮಯ: ಪ್ರತಿ ಭಾನುವಾರ ಎರಡು ಗಂಟೆ, ಪಟ್ಟಿ ಮಾಡಲು ಇಬ್ಬರು ಹಿರಿಯರು, ಯಂತ್ರದ ಮುಂದೆ ಕೂರಲು ಇಬ್ಬರು ತರುಣರು. ಕನ್ನಡ ಓದಲು ಬಾರದ ತರುಣರಾದರೂ ಸರಿಯೆ. ಹಿರಿಯರು ಹೇಳಿದ್ದನ್ನು ಅವರು ಕೇಳುತ್ತ ಕೇಳುತ್ತ ಬರೆದುಕೊಳ್ಳುವಾಗ, ಆ ಧ್ವನಿಗಳ ಪರಿಚಯ ಅವರಿಗೆ ತಾನಾಗಿಯೇ ಆಗುತ್ತದೆ. ಕಾರ್ಯಕಾರಿ ಸಮಿತಿಯು ಮುಂದಿನ ಸಭೆಯಲ್ಲಿ ಈ ಕೆಲಸಕ್ಕೊಂದು ಉಪಸಮಿತಿಯನ್ನು ನೇಮಿಸಿ, ಬರುವ ಮಳೆಗಾಲಕ್ಕೆ ಮುನ್ನ ಎ ವರ್ಗದ ತಟ್ಟೆಗಳ ವರ್ಗಾವಣೆಯನ್ನು ಮುಗಿಸಬೇಕೆಂದು ನಾನು ಈ ವೇದಿಕೆಯಿಂದ ವಿನಂತಿಸುತ್ತೇನೆ. ಉಪಸಮಿತಿಯಲ್ಲಿ ಕೆಲಸ ಮಾಡಲು ನಾನೂ ಸಿದ್ಧನಿದ್ದೇನೆ.